ವಂಶಾವಳಿಯಲ್ಲಿ ಕಾಣದ ತಾಯಿ

ಧಾರವಾಡದ ಸಿತಾರ್ ಮನೆತನದ ಬಗ್ಗೆ ಕೇಳದ ಸಂಗೀತಪ್ರಿಯರು ನಮ್ಮಲ್ಲಿ ಕಡಿಮೆ. ರಹಿಮತ್ ಖಾನ್, ಅವರ ಮಗ ಅಬ್ದುಲ್ ಕರೀಂ ಖಾನ್ (ಕಿರಾಣಾ ಘರಾಣೆಯ ಗಾಯಕರಲ್ಲ, ಅದೇ ಹೆಸರಿನ ಸಿತಾರ್ ವಾದಕರು), ಮೊಮ್ಮಗ ಬಾಲೇಖಾನ್ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಘರಾಣೆಗಳ ಚರಿತ್ರೆ ಬಹುಮಟ್ಟಿಗೆ ಹೀಗೆ ತಂದೆ ಮಕ್ಕಳ ಹೆಸರಿನಲ್ಲೇ ಸಾಗುತ್ತದೆ. ಉಸ್ತಾದರು ಕಛೇರಿಗೆಂದು ಊರೂರು ಸುತ್ತುವಾಗ, ಆಟಕ್ಕೆ ಓಡುವ ಏಳೆಂಟು ವರ್ಷದ ಹುಡುಗನನ್ನು ವಾದ್ಯದ ಮುಂದೆ ಕೂರಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ.

ಇಟಾವಾ ಘರಾಣೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಅಲ್ಲಿಯ ಪಟ್ಟಿಯೂ ಇಮ್ದಾದ್ ಖಾನ್, ಇನಾಯತ್ ಖಾನ್, ವಿಲಾಯತ್ ಖಾನ್ ಎಂದೇ ಇದೆ. ಇನಾಯತ್ ಖಾನರು ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಗೌರೀಪುರದಲ್ಲಿ ಜಮೀನ್ದಾರರ ಆಶ್ರಯದಲ್ಲಿದ್ದರು. ಮಗ ವಿಲಾಯತ್ 1928ರಲ್ಲಿ ಅಲ್ಲೇ ಹುಟ್ಟಿದ್ದು. 1938ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಸುಮಾರು ಹತ್ತು ವರ್ಷ. ತಮ್ಮ ಇಮ್ರತ್ ಇನ್ನೂ ಮೂರರ ಕೂಸು. ಬೆರಳು ಹಿಡಿದು ತಿದ್ದುವ ತಂದೆಯೇ ಇಲ್ಲವಾದ ಮೇಲೆ ಪಟ್ಟಿ ಅಲ್ಲಿಗೇ ತುಂಡಾಗಬೇಕಿತ್ತು.

ಹಾಗಾಗಲು ಬಿಡದವರು ತಾಯಿ ಬಶೀರನ್ ಬೇಗಂ. ಆಕೆ ಗಾಯಕ ಬಂದೇ ಹಸನ್ ಖಾನರ ಮಗಳು. ಹಾಡುಗಾರರ ಮನೆಯಲ್ಲಿ ಬೆಳೆದವರಾದ್ದರಿಂದ ಸ್ವರಜ್ಞಾನವಿತ್ತು. ಗಂಡನ ಮನೆಯಲ್ಲಿ ರಿಯಾಝ್ ನಡೆಸುವ ಕ್ರಮವೂ ತಿಳಿದಿತ್ತು. ಚಿಕ್ಕಪ್ಪ ವಾಹಿದ್ ಖಾನರೂ ತಾಯಿಯ ಕಡೆಯವರೂ ಹುಡುಗನಿಗೆ ಪಾಠ ಹೇಳಿದರು, ನಿಜ. ಆದರೆ ಪಾಠ ಹೇಳುವುದು ಬೇರೆ, ಹೇಳಿದ್ದನ್ನು ದಿನವೂ ಮಾಡಿಸುವುದು ಬೇರೆ. ಮಕ್ಕಳನ್ನು ತರಗತಿಯ ಬಾಗಿಲಲ್ಲಿ ಬಿಟ್ಟು ಬರುವ ನಮಗೆ ಈ ವ್ಯತ್ಯಾಸ ಅಷ್ಟಾಗಿ ಹೊಳೆಯುವುದಿಲ್ಲ. ಆ ಎರಡನೆಯ ಕೆಲಸವನ್ನು ಬಶೀರನ್ ಬೇಗಂ ವಹಿಸಿಕೊಂಡರು.

ಹುಡುಗನ ಮನಸ್ಸು ಮಾತ್ರ ಹಾಡಿನ ಕಡೆಗಿತ್ತು. ಅದು ತಾಯಿಯ ತವರಿನ ವಿದ್ಯೆ. ಮಗ ತನ್ನ ಮನೆಯವರಂತೆ ಗಾಯಕನಾಗಲಿ ಎಂದು ಆಕೆ ಹಿಗ್ಗಬಹುದಿತ್ತು. ಆಕೆಯೋ ಹಾಡು ಬಿಟ್ಟು ಸಿತಾರ್ ಹಿಡಿ ಎಂದರು. ತನ್ನ ತವರಿನವರು ಮಗನನ್ನು ತಮ್ಮ ದಾರಿಗೆ ಎಳೆದುಕೊಂಡು ಗಂಡನ ಮನೆಯ ವಿದ್ಯೆಯನ್ನು ಮುಳುಗಿಸಿದರು ಎಂಬ ಮಾತು ಬರಬಾರದೆಂಬುದು ಆಕೆಯ ಚಿಂತೆಯಾಗಿತ್ತು. ಇದನ್ನು ಬರೀ ಪ್ರೋತ್ಸಾಹವೆಂದು ಕರೆಯಲು ನಮಗೆ ಮನಸ್ಸು ಬಾರದು. ಮಗುವಿನ ಆಸೆಯನ್ನು ಅದುಮಿದ ಒತ್ತಾಯವೂ ಇದರಲ್ಲಿದೆ. ಆದರೆ ಮಗನಿಗಿಂತ ಮೊದಲು ಆಕೆ ಅದುಮಿದ್ದು ತನ್ನ ಆಸೆಯನ್ನೇ ಇರಬೇಕು.

ಅದುಮಿದ ಹಾಡು ಸುಮ್ಮನಿರಲಿಲ್ಲ. ವಿಲಾಯತ್ ಖಾನರು ಸಿತಾರಿನ ಒಂದೇ ಮೆಟ್ಟಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದೆಳೆದು ಹಲವು ಸ್ವರಗಳನ್ನು ಮನುಷ್ಯ ಕಂಠದಂತೆ ಜಾರಿಸಿದರು. ತಂತಿಗಳ ಜೋಡಣೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಂಡರು. ಸಂಗೀತ ಬಲ್ಲವರು ಇದನ್ನು ಗಾಯಕೀ ಅಂಗ, ಅಂದರೆ ಹಾಡುಗಾರಿಕೆಯ ರೀತಿ ಎನ್ನುತ್ತಾರೆ. 2004ರಲ್ಲಿ ಅವರು ತೀರಿಕೊಂಡರು. ಅವರ ಕಛೇರಿಗಳ ಧ್ವನಿಮುದ್ರಣ ಸಿಕ್ಕಿದರೆ ಕೇಳಿ: ನಡುವೆ ಸಿತಾರ್ ನಿಲ್ಲಿಸಿ ಒಂದು ಸಾಲು ಹಾಡುತ್ತಾರೆ, ಮತ್ತೆ ಅದನ್ನೇ ತಂತಿಯಲ್ಲಿ ನುಡಿಸುತ್ತಾರೆ.