ಹಾಡಿಲ್ಲದ ಆ ಪತ್ತೇದಾರಿ ಚಿತ್ರ ಮತ್ತು ನಮ್ಮ ಪಂಢರಿಬಾಯಿ

ಪಂಢರಿಬಾಯಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಿನಿಮಾದ ಅಮ್ಮ. ಪಕ್ಕದ ಮನೆಯ ತಮಿಳು ಮಾಮಿಯನ್ನು ಕೇಳಿದರೆ 1992ರ ‘ಮನ್ನನ್’ ಚಿತ್ರದ ರಜನೀಕಾಂತ್ ತಾಯಿ ಎನ್ನುತ್ತಾರೆ. ನಮ್ಮ ಹಿರಿಯರಾದರೆ ‘ಬೇಡರ ಕಣ್ಣಪ್ಪ’ದ ನೀಲಾ ಎಂದಾರು. ಭಟ್ಕಳದಲ್ಲಿ ಹುಟ್ಟಿ, 1943ರ ‘ವಾಣಿ’ ಚಿತ್ರದಿಂದ ತೆರೆಗೆ ಬಂದು, ಬಾಳಿನ ಬಹುಭಾಗವನ್ನು ಇದೇ ಚೆನ್ನೈಯಲ್ಲಿ ಕಳೆದು 2003ರಲ್ಲಿ ತೀರಿಕೊಂಡ ಈ ಕಲಾವಿದೆ ಒಂದು ಅಪರೂಪದ ಪತ್ತೇದಾರಿ ಚಿತ್ರದ ನಾಯಕಿಯೂ ಹೌದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅದನ್ನು ನಮ್ಮ ವೇದಿಕೆಯ ಗೆಳತಿಯರೊಂದಿಗೆ ಹಂಚಿಕೊಳ್ಳೋಣವೆನಿಸಿತು.

ಚಿತ್ರದ ಹೆಸರು ‘ಅಂದ ನಾಳ್’, ಎಂದರೆ ‘ಆ ದಿನ’. ತೆರೆಕಂಡದ್ದು 1954ರ ಏಪ್ರಿಲ್‌ನಲ್ಲಿ. ಎವಿಎಂ ಸಂಸ್ಥೆಯ ಎ.ವಿ. ಮೆಯ್ಯಪ್ಪನ್ ನಿರ್ಮಾಪಕರು, ಎಸ್. ಬಾಲಚಂದರ್ ನಿರ್ದೇಶಕರು. ಹೌದು, ಮುಂದೆ ಪದ್ಮಭೂಷಣ ಪಡೆದ ವೈಣಿಕ ಬಾಲಚಂದರ್ ಅವರೇ! ಸಂಗೀತವೇ ಉಸಿರಾದ ಆ ಮನುಷ್ಯ ಒಂದೇ ಒಂದು ಹಾಡಿಲ್ಲದೆ, ನೃತ್ಯವಿಲ್ಲದೆ, ಹೊಡೆದಾಟವಿಲ್ಲದೆ ಚಿತ್ರ ತೆಗೆದರು. ತಮಿಳಿನಲ್ಲಿ ಅಂಥದ್ದು ಅದೇ ಮೊದಲು.

ಕಥೆ ಜಪಾನೀಯರು ಮದರಾಸಿನ ಮೇಲೆ ಬಾಂಬು ಹಾಕಿದ 1943ರ ಅಕ್ಟೋಬರ್ ತಿಂಗಳದು. ಅದಕ್ಕೂ ಹಿಂದಿನ ವರ್ಷವೇ ಹೆದರಿ ಜನ ಊರು ಬಿಟ್ಟು ಓಡಿದ್ದನ್ನು ಹಳೆಯ ಮದರಾಸಿನ ಮನೆಗಳಲ್ಲಿ ಕಥೆಯಂತೆ ಹೇಳುತ್ತಿದ್ದರು. ಟ್ರಿಪ್ಲಿಕೇನಿನ ಮನೆಯೊಂದರಲ್ಲಿ ರಾಜನ್ ಎಂಬ ರೇಡಿಯೋ ಎಂಜಿನಿಯರ್ ಗುಂಡೇಟಿಗೆ ಸತ್ತು ಬಿದ್ದಿದ್ದಾನೆ. ಈ ಪಾತ್ರ ಶಿವಾಜಿ ಗಣೇಶನ್ ಅವರದು. ಚಿತ್ರಕಥೆ ಬರೆದ ಜಾವರ್ ಸೀತಾರಾಮನ್ ಅವರೇ ಸಿಐಡಿ ಶಿವಾನಂದಂ ಆಗಿ ಬಂದು ವಿಚಾರಿಸುತ್ತಾರೆ. ನೆರೆಯವನು, ತಮ್ಮ, ತಮ್ಮನ ಹೆಂಡತಿ, ಪ್ರೇಯಸಿ, ಕಟ್ಟಿಕೊಂಡ ಹೆಂಡತಿ, ಒಬ್ಬೊಬ್ಬರು ಹೇಳುವಾಗಲೂ ರಾಜನ್ ಬೇರೆಯೇ ಮನುಷ್ಯನಾಗಿ ಕಾಣುತ್ತಾನೆ. ಕುರೊಸಾವಾ ಅವರ ‘ರಾಶೋಮಾನ್’ 1952ರಲ್ಲಿ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಬಂದಿತ್ತು. ಆ ಪ್ರೇರಣೆ ಇಲ್ಲಿ ಸ್ಪಷ್ಟ.

(ಚಿತ್ರ ನೋಡದವರು, ನೋಡಬೇಕೆಂದಿರುವವರು ಮುಂದಿನ ಪ್ಯಾರಾ ಬಿಟ್ಟುಬಿಡಿ. ಆಮೇಲೆ ನನ್ನನ್ನು ಬೈಯಬೇಡಿ!)

ಹೆಂಡತಿ ಉಷಾ ನಮ್ಮ ಪಂಢರಿಬಾಯಿ. ತನ್ನ ಸಂಶೋಧನೆಗೆ ಬೆಲೆ ಸಿಗಲಿಲ್ಲವೆಂಬ ಕಹಿಯಲ್ಲಿ ಗಂಡ ಜಪಾನೀಯರಿಗೆ ಗುಟ್ಟು ಮಾರುತ್ತಿದ್ದಾನೆ ಎಂದು ಅವಳಿಗೆ ತಿಳಿಯುತ್ತದೆ. ಬೇಡುತ್ತಾಳೆ, ಅಳುತ್ತಾಳೆ, ಕೊನೆಗೆ ಅವಳ ಕೈಯ ಪಿಸ್ತೂಲಿನಿಂದಲೇ ಗುಂಡು ಹಾರುತ್ತದೆ. 1954ರಲ್ಲಿ, ಪತಿಯೇ ದೈವವೆಂದು ತೆರೆಯ ತುಂಬ ಹಾಡುತ್ತಿದ್ದ ಕಾಲದಲ್ಲಿ, ಇದು ಸಣ್ಣ ಮಾತಲ್ಲ. ತಮಾಷೆಯೆಂದರೆ, ಒಂದೇ ತಿಂಗಳ ಅಂತರದಲ್ಲಿ, ಮೇ ತಿಂಗಳಲ್ಲಿ ‘ಬೇಡರ ಕಣ್ಣಪ್ಪ’ ಬಂತು. ಅದರಲ್ಲಿ ಗಂಡನ ಹಿಂದೆಯೇ ನಡೆಯುವ ನೀಲಾ, ಇದರಲ್ಲಿ ಗಂಡನಿಗೆದುರು ನಿಲ್ಲುವ ಉಷಾ. ಎರಡೂ ಒಬ್ಬಳೇ ನಟಿ, ಎರಡಕ್ಕೂ ಎವಿಎಂ ನಂಟು, ಎರಡಕ್ಕೂ ಆ ವರ್ಷದ ರಾಷ್ಟ್ರ ಪ್ರಶಸ್ತಿಯಲ್ಲಿ ಅರ್ಹತಾ ಪತ್ರ.

ಪ್ರಶಸ್ತಿ ಬಂತು, ಹಣ ಬರಲಿಲ್ಲ. ಹಾಡಿಗಾಗಿ ಕಾದ ಪ್ರೇಕ್ಷಕರಿಗೆ ಚಿತ್ರ ರುಚಿಸಲಿಲ್ಲ. ಇದಕ್ಕೆ ನಮ್ಮ ಪ್ರೇಕ್ಷಕರನ್ನು ಮಾತ್ರ ದೂರುವುದು ಸರಿಯಲ್ಲ ಎಂದು ನನ್ನ ಅನಿಸಿಕೆ. ಹಾಲಿವುಡ್‌ನಲ್ಲಿ 1930–40ರ ದಶಕಗಳಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿಯಿತ್ತು. ದೊಡ್ಡ ತಾರೆಯರ ಚಿತ್ರ ಒಂದು, ಅದರ ಜೊತೆಗೆ ಒಂದು ಗಂಟೆಯ ಆಸುಪಾಸಿನ ಅಗ್ಗದ ‘ಬಿ’ ಚಿತ್ರ ಇನ್ನೊಂದು. ಆ ಎರಡನೆಯ ಜಾಗಕ್ಕೆ ಪತ್ತೇದಾರಿ ಕಥೆ ಹೇಳಿ ಮಾಡಿಸಿದಂತಿತ್ತು. ನಾಲ್ಕು ಕೋಣೆ, ಒಂದು ಹೆಣ, ಆರು ಮಂದಿ ಶಂಕಿತರು, ಕತ್ತಲು ಹೆಚ್ಚಾದಷ್ಟೂ ಸೆಟ್ಟಿನ ಖರ್ಚು ಕಡಿಮೆ! ಚಾರ್ಲಿ ಚಾನ್ ಸರಣಿಯನ್ನು ಫಾಕ್ಸ್ ಸಂಸ್ಥೆ 1942ರಲ್ಲಿ ಕೈಬಿಟ್ಟ ಮೇಲೂ ಮೊನೊಗ್ರಾಂ ಎಂಬ ಸಣ್ಣ ಸಂಸ್ಥೆ ಇನ್ನೂ ಅಗ್ಗದಲ್ಲಿ 1949ರವರೆಗೆ ಎಳೆಯಿತು. ಆ ಅಗ್ಗದ ಚಿತ್ರಗಳಲ್ಲಿ ಹೆಣ್ಣುಮಕ್ಕಳೂ ಪತ್ತೇದಾರಿಕೆ ಮಾಡಿದರು. 1932ರಲ್ಲೇ ಎಡ್ನಾ ಮೇ ಆಲಿವರ್ ಶಾಲಾ ಶಿಕ್ಷಕಿ ಹಿಲ್ಡೆಗಾರ್ಡ್ ವಿದರ್ಸ್ ಆಗಿ ಕೊಲೆಯ ಗುಟ್ಟು ಬಿಡಿಸಿದರು. 1937ರಿಂದ ಎರಡು ವರ್ಷ ಟಾರ್ಚಿ ಬ್ಲೇನ್ ಎಂಬ ಪತ್ರಕರ್ತೆ ಒಂಬತ್ತು ಚಿತ್ರಗಳಲ್ಲಿ ಓಡಾಡಿದಳು. ಕಡಿಮೆ ದುಡ್ಡಿನ ಚಿತ್ರವಾದ್ದರಿಂದ ಸ್ಟುಡಿಯೋದವರಿಗೆ ಅಂಜಿಕೆಯೂ ಕಡಿಮೆ. ನಮ್ಮಲ್ಲಿ ಆ ಎರಡನೆಯ ಜಾಗವೇ ಇರಲಿಲ್ಲ. ಇಡೀ ಸಂಜೆಯನ್ನು ಒಂದೇ ಚಿತ್ರ ತುಂಬಬೇಕು. ಹಾಡು, ಹಾಸ್ಯ, ಕಣ್ಣೀರು ಎಲ್ಲ ಅದರೊಳಗೇ ಬೇಕು. ಬರೀ ಕೊಲೆಯ ಕಥೆಗೆ ಅಷ್ಟು ಹೊರೆ ಹೊರುವ ಶಕ್ತಿ ಎಲ್ಲಿ?

ಕನ್ನಡದಲ್ಲಿ ಆ ಹೊರೆಯನ್ನು ಜಾಣತನದಿಂದ ಹೊತ್ತವರು ದೊರೈ–ಭಗವಾನ್ ಜೋಡಿ. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿ, ಜಿ.ಕೆ. ವೆಂಕಟೇಶ್ ಅವರಿಂದ ಸಂಗೀತ ಹಾಕಿಸಿ, ಜೇಮ್ಸ್ ಬಾಂಡ್ ಬೆಡಗನ್ನು ಕಪ್ಪು-ಬಿಳುಪಿನ ಇತಿಮಿತಿಯಲ್ಲೇ ತೋರಿಸಿದರು. ಜನ ಮುಗಿಬಿದ್ದರು. ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬೆನ್ನಿಗೇ ಬಂದವು. ಜಯಂತಿ, ಲಕ್ಷ್ಮಿ, ಈ ಊರಿನಲ್ಲೇ ಹುಟ್ಟಿದ ರೇಖಾ ಅವುಗಳ ನಾಯಕಿಯರು. ನೋಡಲು ಖುಷಿ ಕೊಡುವ ಚಿತ್ರಗಳೇ. ಆದರೆ ಗುಟ್ಟು ಬಿಡಿಸುವ ಕೆಲಸವೆಲ್ಲ 999ನದು. ನಾಯಕಿಯರ ಪಾಲಿಗೆ ಉಳಿದದ್ದು ಹೆಚ್ಚಾಗಿ ಹಾಡು ಮತ್ತು ಅಪಾಯ. ಉಷಾಳಂತೆ ಇಡೀ ಕಥೆಯ ಭಾರ ಹೊರುವ ಹೆಣ್ಣು ಅಲ್ಲಿಲ್ಲ.

ಬಾಲಚಂದರ್ ಮಾತ್ರ ಹಟ ಬಿಡಲಿಲ್ಲ. 1964ರಲ್ಲಿ ‘ಬೊಮ್ಮೈ’ ಮಾಡಿದರು. ಅದರಲ್ಲಿ ಬಾಂಬು ಅಡಗಿದ್ದು ಒಂದು ಬೊಂಬೆಯೊಳಗೆ. ಆಮೇಲೆ ಅಗಾಥಾ ಕ್ರಿಸ್ಟಿಯ ಜಾಡಿನಲ್ಲಿ ‘ನಡು ಇರವಿಲ್’ ತೆಗೆದರು. ಒಂಟಿ ಬಂಗಲೆ, ನೆಂಟರಿಷ್ಟರು, ಒಬ್ಬರಾದ ಮೇಲೊಬ್ಬರ ಸಾವು. ಕೊಳ್ಳುವವರಿಲ್ಲದೆ ಕೆಲಕಾಲ ಡಬ್ಬಿಯಲ್ಲೇ ಉಳಿದ ಆ ಚಿತ್ರ 1970ರಲ್ಲಿ ತೆರೆಗೆ ಬಂತು. ಸೌಕಾರ್ ಜಾನಕಿ, ಮೇಜರ್ ಸುಂದರರಾಜನ್ ಜೊತೆಗೆ ಅದರಲ್ಲೂ ಒಂದು ಮುಖ್ಯ ಪಾತ್ರ ಪಂಢರಿಬಾಯಿಯವರದೇ.