ಡ್ಯಾನ್ಸಿಂಗ್ ಆನ್ ದ ಗ್ರೇವ್

ಡ್ಯಾನ್ಸಿಂಗ್ ಆನ್ ದ ಗ್ರೇವ್ ಎಂಬುದು 2023ರ ಏಪ್ರಿಲ್ 21ರಂದು ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ ಬಿಡುಗಡೆಯಾದ, ನಾಲ್ಕು ಕಂತುಗಳ ಅಪರಾಧ ಸಾಕ್ಷ್ಯಚಿತ್ರ ಸರಣಿ. ಪ್ಯಾಟ್ರಿಕ್ ಗ್ರಹಾಂ ಇದರ ನಿರ್ದೇಶಕರು. ಇಂಡಿಯಾ ಟುಡೇ ಒರಿಜಿನಲ್ಸ್ ಸಂಸ್ಥೆಯು ಇದನ್ನು ನಿರ್ಮಿಸಿದೆ. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಕೆರೆ ಖಲೀಲಿ 1991ರಲ್ಲಿ ಬೆಂಗಳೂರಿನ ರಿಚ್ಮಂಡ್ ರಸ್ತೆಯ ತಮ್ಮ ಮನೆಯಿಂದ ಕಾಣೆಯಾದದ್ದು, ಮೂರು ವರ್ಷಗಳ ಬಳಿಕ ಅದೇ ಮನೆಯ ಅಂಗಳದಲ್ಲಿ ಅವರ ಅಸ್ಥಿಪಂಜರ ದೊರೆತದ್ದು ಮತ್ತು ಎರಡನೆಯ ಪತಿ ಮುರಳಿ ಮನೋಹರ ಮಿಶ್ರಾ ಅಲಿಯಾಸ್ ಸ್ವಾಮಿ ಶ್ರದ್ಧಾನಂದ ಶಿಕ್ಷೆಗೆ ಗುರಿಯಾದದ್ದು ಸರಣಿಯ ವಸ್ತು. ಭಾರತದ ದಂಡನಾ ನ್ಯಾಯಶಾಸ್ತ್ರದಲ್ಲಿ ಈ ಪ್ರಕರಣಕ್ಕೆ ಪ್ರತ್ಯೇಕ ಸ್ಥಾನವಿದೆ. ಜೀವಾವಧಿ ಶಿಕ್ಷೆ ಎಂದರೆ ಎಷ್ಟು ವರ್ಷ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು ಹೊಸ ಉತ್ತರ ಕೊಟ್ಟದ್ದು ಇದರಲ್ಲಿಯೇ.

ಹಿನ್ನೆಲೆ

ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಶ್ರೀರಂಗಪಟ್ಟಣದ ಬಳಿ ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಳಗಿರುವ ಬೃಂದಾವನ ಉದ್ಯಾನವು ಅವರ ಕಾಲದ್ದು. ನಾಗಮಂಗಲ, ಪಾಂಡವಪುರ, ಕೃಷ್ಣರಾಜಪೇಟೆ ಮೊದಲಾದ ತಾಲ್ಲೂಕುಗಳನ್ನು ಮೈಸೂರು ಜಿಲ್ಲೆಯಿಂದ ಬೇರ್ಪಡಿಸಿ 1939ರಲ್ಲಿ ಮಂಡ್ಯ ಜಿಲ್ಲೆಯನ್ನು ರಚಿಸಿದ್ದೂ ಅವರ ಆಡಳಿತದಲ್ಲಿಯೇ. ಹಳೆಯ ಮೈಸೂರಿನ ಜನರಿಗೆ ಅಷ್ಟು ಪರಿಚಿತವಾಗಿದ್ದ ಮನೆತನದ ಹೆಣ್ಣುಮಗಳೊಬ್ಬರು ಇದ್ದಕ್ಕಿದ್ದಂತೆ ಇಲ್ಲವಾದಾಗ ಮೂರು ವರ್ಷ ಆ ಸಂಗತಿ ಸುದ್ದಿಯಾಗದೆ ಉಳಿದದ್ದು ಪ್ರಕರಣದ ವಿಚಿತ್ರಗಳಲ್ಲೊಂದು.

ಶಕೆರೆ (ಪತ್ರಿಕೆಗಳಲ್ಲಿ ಶಕೀರಾ ಎಂಬ ರೂಪವೂ ಇದೆ) ಭಾರತೀಯ ವಿದೇಶಾಂಗ ಸೇವೆಯ ಅಧಿಕಾರಿ ಅಕ್ಬರ್ ಖಲೀಲಿಯವರನ್ನು ವಿವಾಹವಾಗಿದ್ದರು. ದಂಪತಿಗೆ ನಾಲ್ವರು ಹೆಣ್ಣುಮಕ್ಕಳು. 1983ರಲ್ಲಿ ದೆಹಲಿಯಲ್ಲಿ ಶಕೆರೆಯವರಿಗೆ ಶ್ರದ್ಧಾನಂದನ ಪರಿಚಯವಾಯಿತು. ನಗರದಲ್ಲಿದ್ದ ಆಸ್ತಿಯ ವ್ಯಾಜ್ಯಗಳನ್ನು ನೋಡಿಕೊಳ್ಳುವ ನೆಪದಲ್ಲಿ ಆತ ಬೆಂಗಳೂರಿಗೆ ಬಂದು ಮನೆಗೆ ಹತ್ತಿರವಾದನು. 1985ರಲ್ಲಿ ಮೊದಲ ವಿವಾಹವು ವಿಚ್ಛೇದನದಲ್ಲಿ ಕೊನೆಗೊಂಡು, 1986ರ ಏಪ್ರಿಲ್‌ನಲ್ಲಿ ಶಕೆರೆ ಶ್ರದ್ಧಾನಂದನನ್ನು ವಿವಾಹವಾದರು. ಬಳಿಕ ಆಸ್ತಿಯ ವ್ಯವಹಾರಕ್ಕೆ ಸಂಬಂಧಿಸಿದ ಸಾಮಾನ್ಯ ಅಧಿಕಾರ ಪತ್ರ ಹಾಗೂ ಉಯಿಲು ಆತನ ಹೆಸರಿಗೆ ಆದವು. ಕುಟುಂಬದ ಹೆಚ್ಚಿನವರೊಂದಿಗೆ ಅವರ ಸಂಪರ್ಕ ಸಡಿಲವಾಯಿತು. ಮುಂಬಯಿಯಲ್ಲಿದ್ದ ಒಬ್ಬ ಮಗಳೊಂದಿಗೆ ಮಾತ್ರ ಮಾತುಕತೆ ಮುಂದುವರಿದಿತ್ತು.

ಕಣ್ಮರೆ ಮತ್ತು ಶೋಧ

1991ರ ಮೇ ತಿಂಗಳ ನಂತರ ಶಕೆರೆಯವರನ್ನು ಯಾರೂ ಕಾಣಲಿಲ್ಲ. ಮಗಳು ವಿಚಾರಿಸಿದಾಗಲೆಲ್ಲ ಶ್ರದ್ಧಾನಂದನು ಒಂದೊಂದು ಉತ್ತರ ಕೊಡುತ್ತಿದ್ದನು. ಒಮ್ಮೆ ಹೈದರಾಬಾದಿಗೆ ಹೋಗಿದ್ದಾರೆ ಎಂದನು, ಇನ್ನೊಮ್ಮೆ ವಿದೇಶದಲ್ಲಿದ್ದಾರೆ ಎಂದನು, ಮತ್ತೊಮ್ಮೆ ಹೆರಿಗೆಗಾಗಿ ಅಮೆರಿಕದ ಆಸ್ಪತ್ರೆಯೊಂದಕ್ಕೆ ಸೇರಿದ್ದಾರೆ ಎಂದನು. ಆ ಆಸ್ಪತ್ರೆಯನ್ನು ಸಂಪರ್ಕಿಸಿದಾಗ ಅಂಥ ಹೆಸರಿನ ರೋಗಿ ಅಲ್ಲಿಗೆ ದಾಖಲಾಗಿಯೇ ಇಲ್ಲವೆಂದು ತಿಳಿದುಬಂದಿತು. ತಾಯಿ ವಿದೇಶಕ್ಕೆ ಹೋಗಿದ್ದರೆ ಜೊತೆಗಿರಬೇಕಾಗಿದ್ದ ಪಾಸ್‌ಪೋರ್ಟು ಆತನ ಬಳಿಯಲ್ಲಿಯೇ ಮಗಳ ಕಣ್ಣಿಗೆ ಬಿದ್ದದ್ದು ಸಂಶಯವನ್ನು ಗಟ್ಟಿಗೊಳಿಸಿತು. 1992ರ ಜೂನ್‌ನಲ್ಲಿ ಆಕೆ ಬೆಂಗಳೂರಿನ ಅಶೋಕನಗರ ಪೊಲೀಸ್ ಠಾಣೆಯಲ್ಲಿ ದೂರು ನೀಡಿದರು.

ದೂರು ನಾಪತ್ತೆ ಪ್ರಕರಣವಾಗಿ ದಾಖಲಾಯಿತು. ಸುಮಾರು ಎರಡು ವರ್ಷ ತನಿಖೆ ಮುಂದೆ ಸಾಗಲಿಲ್ಲ. ಆ ಅವಧಿಯಲ್ಲಿ ಶ್ರದ್ಧಾನಂದನು ರಿಚ್ಮಂಡ್ ರಸ್ತೆಯ ಮನೆಯಲ್ಲಿಯೇ ವಾಸವಾಗಿದ್ದು, ಅಧಿಕಾರ ಪತ್ರವನ್ನು ಬಳಸಿ ಆಸ್ತಿಯ ಭಾಗಗಳನ್ನು ಮಾರುತ್ತಿದ್ದನು. ಹೆಣ ಹೂತ ಅಂಗಳದಲ್ಲಿಯೇ ಆತ ಕೂಟಗಳನ್ನು ನಡೆಸಿ ಕುಣಿಯುತ್ತಿದ್ದನೆಂಬ ವರದಿಗಳಿಂದ ಸರಣಿಗೆ ಈ ಹೆಸರು ಬಂದಿದೆ. ಮಗಳ ಒತ್ತಾಯ ಬಿಡದೆ ಮುಂದುವರಿದುದರಿಂದ 1994ರಲ್ಲಿ ತನಿಖೆಯು ಅಪರಾಧ ವಿಭಾಗದ ಪೊಲೀಸರ ಕೈಗೆ ಬಂದಿತು. ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ ಶ್ರದ್ಧಾನಂದನನ್ನು ಬಂಧಿಸಲಾಯಿತು. ಏಪ್ರಿಲ್ 30ರಂದು ಆತನೇ ತೋರಿಸಿದ ಜಾಗದಲ್ಲಿ ನೆಲಕ್ಕೆ ಹಾಸಿದ್ದ ಕಲ್ಲುಗಳನ್ನು ಎಬ್ಬಿಸಿ ಅಗೆದಾಗ ಮರದ ಪೆಟ್ಟಿಗೆಯೊಂದು ದೊರೆಯಿತು. ಒಳಗೆ ಹಾಸಿಗೆಯ ಮೇಲೆ ಅಸ್ಥಿಪಂಜರವಿತ್ತು. ಅಗೆತದ ಇಡೀ ಪ್ರಕ್ರಿಯೆಯನ್ನು ವಿಡಿಯೊದಲ್ಲಿ ಚಿತ್ರೀಕರಿಸಲಾಯಿತು. 1994ರ ಭಾರತದಲ್ಲಿ ಇದು ಅಪರೂಪದ ಕ್ರಮವಾಗಿತ್ತು, ಮುಂದೆ ವಿಚಾರಣೆಯಲ್ಲಿ ಸಾಕ್ಷ್ಯವಾಗಿಯೂ ಒದಗಿತು.

ನಿದ್ರೆಯ ಔಷಧವನ್ನು ಚಹಾದಲ್ಲಿ ಬೆರೆಸಿ ಕೊಟ್ಟು, ಮೊದಲೇ ಮಾಡಿಸಿಟ್ಟಿದ್ದ ಪೆಟ್ಟಿಗೆಯಲ್ಲಿ ಹಾಕಿ, ಮೊದಲೇ ತೋಡಿಸಿದ್ದ ಗುಂಡಿಯಲ್ಲಿ ಹೂಳಲಾಯಿತು ಎಂಬುದು ಪೊಲೀಸರ ವಾದವಾಗಿತ್ತು. ಪೆಟ್ಟಿಗೆ ಮಾಡಿದವರಿಗಾಗಲಿ ಗುಂಡಿ ತೋಡಿದವರಿಗಾಗಲಿ ಉದ್ದೇಶ ತಿಳಿದಿರಲಿಲ್ಲ. ಜೀವಂತವಾಗಿ ಹೂಳಲಾಯಿತು ಎಂಬ ಮಾತು ಪತ್ರಿಕೆಗಳಲ್ಲಿ ವ್ಯಾಪಕವಾಗಿ ಬಂದಿದೆ. ಸರಣಿಯೂ ಆ ಭೀಕರತೆಯ ಸುತ್ತ ಸಾಕಷ್ಟು ಹೊತ್ತು ನಿಲ್ಲುತ್ತದೆ.

ಅಸ್ಥಿಯ ಗುರುತು

ಕಥೆಯಲ್ಲಿ ಹೆಚ್ಚು ನಾಟಕೀಯವಾಗಿ ಕಾಣುವುದು ಪೆಟ್ಟಿಗೆ ತೆರೆದ ಕ್ಷಣ. ಆದರೆ ನ್ಯಾಯಾಲಯದ ದೃಷ್ಟಿಯಿಂದ ಕಷ್ಟದ ಕೆಲಸ ಆರಂಭವಾಗುವುದು ಅದರ ನಂತರ. ದೊರೆತ ಮೂಳೆಗಳು ಇಂಥವರದೇ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸದಿದ್ದರೆ ಕೊಲೆಯ ಆರೋಪವೇ ನಿಲ್ಲುವುದಿಲ್ಲ. ಪ್ರತ್ಯಕ್ಷದರ್ಶಿಗಳು ಯಾರೂ ಇಲ್ಲದ ಈ ಪ್ರಕರಣದಲ್ಲಿ ಎಲ್ಲವೂ ಸಾಂದರ್ಭಿಕ ಸಾಕ್ಷ್ಯದ ಸರಪಳಿಯನ್ನೇ ಅವಲಂಬಿಸಿತ್ತು.

ಮೂಳೆಗಳಿಂದ ವ್ಯಕ್ತಿಯನ್ನು ಗುರುತಿಸುವ ಶಾಸ್ತ್ರಕ್ಕೆ ವಿಧಿವಿಜ್ಞಾನ ಮಾನವಶಾಸ್ತ್ರ ಎಂದು ಹೆಸರು. ಅದು ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲು, ಮೂಳೆ ಮನುಷ್ಯನದೋ ಪ್ರಾಣಿಯದೋ, ಒಬ್ಬರದೋ ಹಲವರದೋ. ಬಳಿಕ ಲಿಂಗ. ಇದಕ್ಕೆ ಸೊಂಟದ ಮೂಳೆಯೇ ಅತ್ಯಂತ ನಂಬಿಕೆಗೆ ಅರ್ಹವಾದುದು. ಹೆರಿಗೆಗೆ ಹೊಂದುವಂತೆ ಹೆಂಗಸರ ಸೊಂಟದ ಮೂಳೆ ಅಗಲವಾಗಿದ್ದು, ಮುಂಭಾಗದಲ್ಲಿ ಎರಡು ಮೂಳೆಗಳು ಕೂಡುವೆಡೆಯ ಕೋನ ದೊಡ್ಡದಾಗಿರುತ್ತದೆ. ಅನಂತರ ವಯಸ್ಸು. ಎಳೆಯರಲ್ಲಿ ಹಲ್ಲು ಮೂಡುವ ಹಂತ ಹಾಗೂ ಉದ್ದ ಮೂಳೆಗಳ ತುದಿ ಬೆಸೆಯುವ ಹಂತದಿಂದ ವಯಸ್ಸನ್ನು ಸಾಕಷ್ಟು ನಿಖರವಾಗಿ ಹೇಳಬಹುದು. ಬೆಳವಣಿಗೆ ಮುಗಿದ ಮೇಲೆ ಸವೆತವನ್ನೇ ನೋಡಬೇಕಾದುದರಿಂದ, ನಲವತ್ತು ದಾಟಿದವರಲ್ಲಿ ಅಂದಾಜಿನ ವ್ಯಾಪ್ತಿ ಹತ್ತಾರು ವರ್ಷಗಳಷ್ಟು ಹಿಗ್ಗುತ್ತದೆ. ತೊಡೆಯ ಮೂಳೆಯ ಉದ್ದದಿಂದ ಎತ್ತರವನ್ನು ಲೆಕ್ಕಹಾಕುವ ಸೂತ್ರಗಳೂ ಇವೆ, ಆದರೆ ಅವು ಜನಸಮುದಾಯದಿಂದ ಸಮುದಾಯಕ್ಕೆ ಬೇರೆಯಾಗುತ್ತವೆ. ಇಷ್ಟೆಲ್ಲ ಮಾಡಿದರೂ ದೊರೆಯುವುದು ಮಧ್ಯವಯಸ್ಸಿನ ಇಷ್ಟು ಎತ್ತರದ ಹೆಂಗಸು ಎಂಬ ವಿವರಣೆಯೇ ಹೊರತು ಹೆಸರಲ್ಲ.

ಹೆಸರಿಗಾಗಿ ಈ ಪ್ರಕರಣದಲ್ಲಿ ಮೂರು ದಾರಿಗಳನ್ನು ಬಳಸಲಾಯಿತು. ಮೊದಲನೆಯದು ಅಸ್ಥಿಯೊಂದಿಗೆ ದೊರೆತ ಉಡುಪು ಮತ್ತು ಆಭರಣಗಳನ್ನು ಮನೆಗೆಲಸದವರು ಹಾಗೂ ತಾಯಿ ಗುರುತಿಸಿದ್ದು. ಎರಡನೆಯದು ತಲೆಬುರುಡೆಯ ಮೇಲೆ ಭಾವಚಿತ್ರವನ್ನು ಹೊಂದಿಸಿ ನೋಡುವ ಅಧ್ಯಾರೋಪಣ ಪರೀಕ್ಷೆ. ಬದುಕಿದ್ದಾಗಿನ ಛಾಯಾಚಿತ್ರವನ್ನು ಬುರುಡೆಯ ಗಾತ್ರಕ್ಕೆ ಹಿಗ್ಗಿಸಿ, ಚಿತ್ರದಲ್ಲಿ ಮುಖವು ತಿರುಗಿರುವ ಕೋನದಲ್ಲಿಯೇ ಬುರುಡೆಯನ್ನೂ ಇರಿಸಿ, ಕಣ್ಣಿನ ಕುಳಿ, ಮೂಗಿನ ಬುಡ, ಹಲ್ಲಿನ ಸಾಲು, ದವಡೆಯ ಅಂಚು ಇವು ಒಂದರ ಮೇಲೊಂದು ಕೂಡುತ್ತವೆಯೇ ಎಂದು ನೋಡುವುದು ಇದರ ವಿಧಾನ. 1935ರಲ್ಲಿ ಸ್ಕಾಟ್ಲೆಂಡಿನ ಮೊಫಾಟ್ ಬಳಿ ಇಬ್ಬರು ಹೆಂಗಸರ ದೇಹದ ತುಂಡುಗಳು ದೊರೆತ ಬಕ್ ರಕ್ಸ್‌ಟನ್ ಪ್ರಕರಣದಿಂದ ಈ ಪರೀಕ್ಷೆ ಜಗತ್ತಿನಾದ್ಯಂತ ಹೆಸರಾಯಿತು. ಇದರ ಮಿತಿಯನ್ನೂ ಇಲ್ಲಿ ಹೇಳಬೇಕು. ಹೊಂದದ ಬುರುಡೆಯನ್ನು ಅಲ್ಲವೆಂದು ತಳ್ಳಿಹಾಕಲು ಇದು ಬಲವಾದ ಸಾಧನ. ಹೊಂದಿದ್ದನ್ನು ಹೌದೆಂದು ಸಾಧಿಸಲು ಒಂಟಿಯಾಗಿ ಸಾಲದು.

ಮೂರನೆಯ ದಾರಿ ಡಿಎನ್‌ಎ ಬೆರಳಚ್ಚು. ಇಂಗ್ಲೆಂಡಿನ ಅಲೆಕ್ ಜೆಫ್ರಿಸ್ 1984ರಲ್ಲಿ ಕಂಡುಹಿಡಿದ ಈ ತಂತ್ರಕ್ಕೆ ಹೈದರಾಬಾದಿನ ಕೋಶೀಯ ಮತ್ತು ಅಣುಜೀವ ವಿಜ್ಞಾನ ಕೇಂದ್ರದಲ್ಲಿ ಲಾಲ್‌ಜಿ ಸಿಂಗ್ ಅವರು ದೇಶೀಯ ರೂಪ ಕೊಟ್ಟಿದ್ದರು. ರಕ್ತಕ್ಕೆ ಹೋಲಿಸಿದರೆ ನೆಲದಲ್ಲಿ ವರ್ಷಗಟ್ಟಲೆ ಇದ್ದ ಮೂಳೆಯಿಂದ ಡಿಎನ್‌ಎ ತೆಗೆಯುವುದು ತ್ರಾಸದಾಯಕ. ತೇವ, ಉಷ್ಣ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಛಿದ್ರಗೊಳಿಸಿರುತ್ತವೆ. ಹೋಲಿಸಲು ಸತ್ತವರ ಹಳೆಯ ಮಾದರಿ ಇಲ್ಲದಾಗ ತಂದೆತಾಯಿಯರ ಅಥವಾ ಮಕ್ಕಳ ರಕ್ತವನ್ನು ತೆಗೆದುಕೊಳ್ಳಬೇಕು. ಇಲ್ಲಿಯೂ ರಕ್ತಸಂಬಂಧಿಗಳ ಮಾದರಿಯೊಂದಿಗೆ ಹೋಲಿಸಿ ಗುರುತನ್ನು ದೃಢಪಡಿಸಲಾಯಿತು. ಭಾರತೀಯ ನ್ಯಾಯಾಲಯಗಳಿಗೆ ಈ ತಂತ್ರ ಇನ್ನೂ ಹೊಸದಾಗಿದ್ದ ಕಾಲವದು.

ಹೂತ ಜಾಗವನ್ನು ಆರೋಪಿಯೇ ತೋರಿಸಿದ್ದಕ್ಕೂ ಅಷ್ಟೇ ತೂಕ ದೊರೆಯಿತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಆದರೆ ಆರೋಪಿಯ ಹೇಳಿಕೆಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗವನ್ನು ಆಗ ಜಾರಿಯಲ್ಲಿದ್ದ ಭಾರತೀಯ ಸಾಕ್ಷ್ಯ ಕಾಯ್ದೆಯ 27ನೆಯ ಕಲಂ ಒಪ್ಪುತ್ತಿತ್ತು.

ವಿಚಾರಣೆ ಮತ್ತು ಶಿಕ್ಷೆ

ವಿಚಾರಣೆ ಹನ್ನೊಂದು ವರ್ಷ ನಡೆಯಿತು. 2005ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯವು ಕೊಲೆ ಹಾಗೂ ಸಾಕ್ಷ್ಯನಾಶದ ಆರೋಪಗಳಲ್ಲಿ ಶ್ರದ್ಧಾನಂದನನ್ನು ದೋಷಿಯೆಂದು ತೀರ್ಮಾನಿಸಿ ಮರಣದಂಡನೆ ವಿಧಿಸಿತು. ಅದೇ ವರ್ಷ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ದೃಢಪಡಿಸಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ವಿಷಯದಲ್ಲಿ ಒಮ್ಮತ ತಾಳಿದರೂ ಶಿಕ್ಷೆಯ ವಿಷಯದಲ್ಲಿ ಬೇರೆಯಾದರು. ಎಸ್. ಬಿ. ಸಿನ್ಹಾ ಜೀವಾವಧಿ ಸಾಕೆಂದರು, ಮಾರ್ಕಂಡೇಯ ಕಾಟ್ಜು ಗಲ್ಲು ಸರಿಯೆಂದರು. ವಿಷಯ ಮೂವರ ಪೀಠಕ್ಕೆ ಹೋಯಿತು.

2008ರ ಜುಲೈ 22ರಂದು ಬಿ. ಎನ್. ಅಗರ್ವಾಲ್, ಜಿ. ಎಸ್. ಸಿಂಘ್ವಿ ಮತ್ತು ಅಫ್ತಾಬ್ ಆಲಂ ಅವರ ಪೀಠ ತೀರ್ಪು ನೀಡಿತು. ತೀರ್ಪನ್ನು ಬರೆದವರು ಅಫ್ತಾಬ್ ಆಲಂ. ನ್ಯಾಯಾಲಯಕ್ಕೆ ಎದುರಾದ ತೊಡಕು ಹೀಗಿತ್ತು: ಜೀವಾವಧಿ ಎಂದರೆ ಕಾನೂನಿನಲ್ಲಿ ಸಾಯುವವರೆಗೆ ಎಂದೇ ಅರ್ಥವಾದರೂ, ರೂಢಿಯಲ್ಲಿ ಸರ್ಕಾರಗಳು ಹದಿನಾಲ್ಕು ವರ್ಷಗಳ ಬಳಿಕ ಶಿಕ್ಷೆಯನ್ನು ಮಾಫಿ ಮಾಡಿ ಬಿಡುಗಡೆಗೊಳಿಸುತ್ತಿದ್ದವು. ಹದಿನಾಲ್ಕು ವರ್ಷ ತೀರ ಕಡಿಮೆಯೆನಿಸುವ, ಆದರೆ ಗಲ್ಲು ಹೆಚ್ಚೆನಿಸುವ ಪ್ರಕರಣಗಳಲ್ಲಿ ನ್ಯಾಯಾಧೀಶರು ಎರಡರ ನಡುವೆ ಬೇರೆ ದಾರಿ ಕಾಣದೆ ಗಲ್ಲಿನತ್ತ ವಾಲುವ ಅಪಾಯವಿತ್ತು. ಈ ಕಂದಕವನ್ನು ಮುಚ್ಚಲು ಪೀಠವು ಮರಣದಂಡನೆಯ ಬದಲಿಗೆ, ಮಾಫಿಗೆ ಅವಕಾಶವಿಲ್ಲದ, ಸಹಜ ಜೀವಿತದ ಕೊನೆಯವರೆಗಿನ ಸೆರೆವಾಸವನ್ನು ವಿಧಿಸಿತು.

ಬಿಡುಗಡೆ ಮಾಡುವ ಅಧಿಕಾರ ಸರ್ಕಾರದ್ದಾಗಿರುವಾಗ ನ್ಯಾಯಾಲಯ ಅದನ್ನು ಮೊದಲೇ ಕಟ್ಟಿಹಾಕಬಹುದೇ ಎಂಬ ಆಕ್ಷೇಪ ಆಮೇಲೆ ಬಂದಿತು. ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳ ಬಿಡುಗಡೆಗೆ ಸಂಬಂಧಿಸಿದ ಶ್ರೀಹರನ್ ಪ್ರಕರಣದಲ್ಲಿ 2015ರ ಡಿಸೆಂಬರ್‌ನಲ್ಲಿ ಸಂವಿಧಾನ ಪೀಠವು ಮೂವರು ಮತ್ತು ಇಬ್ಬರ ಬಹುಮತದಿಂದ ಈ ವಿಶೇಷ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಂದಿನಿಂದ 20, 25, 30 ವರ್ಷ ಮಾಫಿಯಿಲ್ಲದ ಸೆರೆವಾಸ ವಿಧಿಸುವ ತೀರ್ಪುಗಳಲ್ಲಿ ಶ್ರದ್ಧಾನಂದ ಪ್ರಕರಣದ ಉಲ್ಲೇಖ ಸಾಮಾನ್ಯವಾಗಿದೆ. ಕಾನೂನು ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ಮೊದಲು ಓದುವುದು ಕೊಲೆಯ ಕಥೆಯಾಗಿ ಅಲ್ಲ, ಶಿಕ್ಷೆಯ ಸೂತ್ರವಾಗಿ. ಗಲ್ಲಿನಿಂದ ಒಬ್ಬನನ್ನು ಉಳಿಸಿದ ಸೂತ್ರವೇ, ಎಂದೂ ಬಿಡುಗಡೆಯ ಆಸೆಯಿಲ್ಲದ ಕೈದಿಗಳ ವರ್ಗವೊಂದನ್ನೂ ಹುಟ್ಟುಹಾಕಿತೆಂಬ ಟೀಕೆಯಿದೆ.

ಸರಣಿಯ ಸ್ವರೂಪ

ನಿರ್ದೇಶಕ ಗ್ರಹಾಂ ಇದಕ್ಕೆ ಮೊದಲು ನೆಟ್‌ಫ್ಲಿಕ್ಸ್‌ಗಾಗಿ ಗೂಲ್ (2018) ಮತ್ತು ಬೇತಾಳ್ (2020) ಎಂಬ ಭಯಾನಕ ಸರಣಿಗಳನ್ನು ಮಾಡಿದ್ದರು. ಆ ಅಭ್ಯಾಸದ ನೆರಳು ಇಲ್ಲಿಯೂ ಕಾಣುತ್ತದೆ. ಪರಿಚಿತರು, ತನಿಖೆಗೆ ಸಂಬಂಧಿಸಿದವರು ಮತ್ತು ಪತ್ರಕರ್ತರ ಮಾತುಗಳನ್ನು ಹೆಣೆದು ಮೊದಲ ಕಂತುಗಳು ಶಕೆರೆಯವರ ಬದುಕನ್ನೂ ಕಣ್ಮರೆಯನ್ನೂ ಕಟ್ಟಿಕೊಡುತ್ತವೆ. ಬಳಿಕ ಸೆರೆಯಲ್ಲಿರುವ ಶ್ರದ್ಧಾನಂದನೇ ಕ್ಯಾಮೆರಾದ ಮುಂದೆ ಬಂದು ತಾನು ಕೊಲೆ ಮಾಡಿಲ್ಲವೆಂದು ವಾದಿಸುತ್ತಾನೆ. ಶಿಕ್ಷೆಗೊಳಗಾದವನಿಗೆ ಇಷ್ಟು ಅವಕಾಶ ಕೊಟ್ಟದ್ದು ಸರಣಿಯ ಬಲವೋ ದೌರ್ಬಲ್ಯವೋ ಎಂಬಲ್ಲಿ ಅಭಿಪ್ರಾಯಭೇದವಿದೆ. ಮೂಳೆಗಳ ಪರೀಕ್ಷೆಗೆ ದೊರೆತ ಸಮಯ ಮಾತ್ರ ಅದರ ಮಹತ್ವಕ್ಕೆ ಹೋಲಿಸಿದರೆ ಕಡಿಮೆ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಪ್ರಸಾರ ನಿಲ್ಲಿಸುವಂತೆ ಶ್ರದ್ಧಾನಂದನ ಪರವಾಗಿ ನೋಟಿಸ್ ಕಳುಹಿಸಲಾಯಿತು. ಮಧ್ಯಪ್ರದೇಶದ ಸಾಗರದ ಕಾರಾಗೃಹಕ್ಕೆ ವರ್ಗಾವಣೆಗೊಂಡಿದ್ದ ಆತ, ಮೂವತ್ತು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿ ಕಳೆದ ಕಾರಣ ಕೊಟ್ಟು 2024ರಲ್ಲಿ ಮತ್ತೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕನಾದರೂ ಫಲ ಸಿಗಲಿಲ್ಲ.

ಹೋಲಿಕೆಯ ಕೃತಿಗಳು

ಮೂಳೆಗಳಿಂದ ಆರಂಭವಾಗುವ ಪತ್ತೇದಾರಿ ಕಥೆಗಳಲ್ಲಿ ಜಗತ್ತಿನಲ್ಲಿ ಹೆಚ್ಚು ಹೆಸರಾದುದು ಕ್ಯಾಥಿ ರೀಕ್ಸ್ ಅವರ ಟೆಂಪರೆನ್ಸ್ ಬ್ರೆನನ್ ಕಾದಂಬರಿ ಮಾಲೆ. ಲೇಖಕಿ ಸ್ವತಃ ವಿಧಿವಿಜ್ಞಾನ ಮಾನವಶಾಸ್ತ್ರಜ್ಞೆ. ಮೊದಲ ಕಾದಂಬರಿ ದೇಜಾ ಡೆಡ್ 1997ರಲ್ಲಿ ಬಂದಿತು. ಅದರಿಂದ ಪ್ರೇರಿತವಾದ ಬೋನ್ಸ್ ಧಾರಾವಾಹಿ 2005ರಿಂದ 2017ರವರೆಗೆ ಹನ್ನೆರಡು ಋತುಗಳಲ್ಲಿ ಪ್ರಸಾರವಾಯಿತು. ಅದರಲ್ಲಿ ಒಂದೇ ಕಂತಿನಲ್ಲಿ ಮುಗಿಯುವ ಗುರುತಿಸುವಿಕೆಗೆ ವಾಸ್ತವದಲ್ಲಿ ತಿಂಗಳುಗಳೇ ಬೇಕಾಗಬಹುದು.

ಕನ್ನಡದಲ್ಲಿ ಈ ಬಗೆಗೆ ಹತ್ತಿರವಾದುದು ಹೇಮಂತ್ ಎಂ. ರಾವ್ ನಿರ್ದೇಶನದ ಕವಲುದಾರಿ (2019). ನಗರದ ಕಾಮಗಾರಿಯೊಂದರ ಅಗೆತದಲ್ಲಿ ಮೂವರ ಅಸ್ಥಿಗಳು ದೊರೆತು, ರಿಷಿ ಅಭಿನಯಿಸಿದ ಸಂಚಾರ ಪೊಲೀಸ್ ಅಧಿಕಾರಿಯೂ ಅನಂತ್ ನಾಗ್ ಅಭಿನಯಿಸಿದ ನಿವೃತ್ತ ಅಧಿಕಾರಿಯೂ ತುರ್ತು ಪರಿಸ್ಥಿತಿಯ ಕಾಲದ ಅಪರಾಧವೊಂದರ ಬೆನ್ನು ಹತ್ತುತ್ತಾರೆ. ಪಿಆರ್‌ಕೆ ಪ್ರೊಡಕ್ಷನ್ಸ್‌ನ ಮೊದಲ ಚಿತ್ರವಾದ ಇದು 2021ರಲ್ಲಿ ತಮಿಳು ಮತ್ತು ತೆಲುಗುಗಳಲ್ಲಿ ಮರುನಿರ್ಮಾಣಗೊಂಡಿತು.