ತೆರೆಯ ಮೇಲಿನ ಮಯೂರ, ಶಾಸನದ ಮಯೂರ

ಒಂದು ನಾಡು ಪರರ ಆಳ್ವಿಕೆಗೆ ಒಳಗಾದ ಕಾಲವನ್ನು ಚಲನಚಿತ್ರಗಳು ಹೇಗೆ ಚಿತ್ರಿಸುತ್ತವೆ? ಇತಿಹಾಸದ ವಿದ್ಯಾರ್ಥಿಗಳು ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಕನ್ನಡದ ಒಂದು ಪ್ರಸಿದ್ಧ ಚಿತ್ರವನ್ನೂ ರಷ್ಯಾದ ಒಂದು ಪ್ರಸಿದ್ಧ ಚಿತ್ರವನ್ನೂ ಜೊತೆಗಿಟ್ಟು ಈ ಪ್ರಶ್ನೆಗಳನ್ನು ಪರಿಶೀಲಿಸೋಣ.

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ನಿತ್ಯ ಓಡಾಡುವ ವಿದ್ಯಾರ್ಥಿಗಳಿಗೆ 'ಮಯೂರ' ಹೊಸ ಹೆಸರೇನಲ್ಲ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ ವಿಜಯ್ ನಿರ್ದೇಶಿಸಿದ ಈ ಚಿತ್ರ 1975ರಲ್ಲಿ ತೆರೆಕಂಡಿತು. ಬ್ರಾಹ್ಮಣರ ಮನೆಯಲ್ಲಿ ಬೆಳೆದ ಮಯೂರನಿಗೆ, ತಾನು ಪಲ್ಲವರಿಂದ ರಾಜ್ಯ ಕಳೆದುಕೊಂಡ ಕದಂಬ ದೊರೆಯ ಮಗನೆಂಬುದು ತಿಳಿಯುತ್ತದೆ. ಕಳೆದುಹೋದ ರಾಜ್ಯವನ್ನು ಮರಳಿ ಪಡೆಯುವುದೇ ಚಿತ್ರದ ಕಥೆ. ರಾಜ್‌ಕುಮಾರ್ ಅವರ ಗಂಭೀರ ಅಭಿನಯದಿಂದ ಮಯೂರನ ರೂಪ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿತು.

ಈಗ ಶಾಸನವನ್ನು ನೋಡೋಣ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರು ಒಂದು ಶಿಲಾಸ್ತಂಭವಿದೆ. ಅದರ ಮೇಲಿನ ಸಂಸ್ಕೃತ ಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಕಾಲ ಐದನೆಯ ಶತಮಾನದ ಮಧ್ಯಭಾಗ. ಆಗ ಆಳುತ್ತಿದ್ದವನು ಕದಂಬರ ಶಾಂತಿವರ್ಮ.

ಶಾಸನದ ಪ್ರಕಾರ ಮಯೂರಶರ್ಮ ರಾಜಕುಮಾರನಲ್ಲ. ವೇದಾಧ್ಯಯನ ಮಾಡುತ್ತಿದ್ದ ಬ್ರಾಹ್ಮಣ ಮನೆತನದ ಹುಡುಗ. ಗುರು ವೀರಶರ್ಮನೊಡನೆ ಹೆಚ್ಚಿನ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗುತ್ತದೆ. ಅವಮಾನದಿಂದ ಕುದಿದ ಮಯೂರಶರ್ಮ, ದರ್ಭೆ ಹಿಡಿದು ಪಳಗಿದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ಪಲ್ಲವರ ಗಡಿಪಾಲಕರನ್ನು ಸೋಲಿಸಿ ಶ್ರೀಪರ್ವತದವರೆಗಿನ ಕಾಡನ್ನು ಆಕ್ರಮಿಸಿ, ಬಾಣ ಅರಸರಿಂದ ಕಪ್ಪ ವಸೂಲು ಮಾಡುತ್ತಾನೆ.

ಮುಂದಿನ ಘಟ್ಟ ಇನ್ನೂ ಗಮನಾರ್ಹ. ದಂಡೆತ್ತಿ ಬಂದ ಪಲ್ಲವರನ್ನು ಅವನು ಕಾಡಿಸುತ್ತಾನೆ. ಈತನನ್ನು ಹತ್ತಿಕ್ಕುವುದಕ್ಕಿಂತ ಸ್ನೇಹ ಮಾಡಿಕೊಳ್ಳುವುದೇ ಲೇಸೆಂದು ಪಲ್ಲವರು ಬಗೆಯುತ್ತಾರೆ. ಮಯೂರಶರ್ಮ ಅವರ ಸೇವೆಗೆ ಸೇರಿ, ಯುದ್ಧಗಳಲ್ಲಿ ಪರಾಕ್ರಮ ತೋರಿಸಿ ಮೆಚ್ಚಿಸುತ್ತಾನೆ. ಕೊನೆಗೆ ಪಶ್ಚಿಮ ಸಮುದ್ರದಿಂದ ಪ್ರೇಹರಾ ನದಿಯವರೆಗಿನ ನಾಡೂ ಪಟ್ಟಬಂಧದ ಗೌರವವೂ ಪಲ್ಲವರಿಂದಲೇ ದೊರೆಯುತ್ತವೆ. ಹೀಗೆ ನಾಲ್ಕನೆಯ ಶತಮಾನದ ಮಧ್ಯದಲ್ಲಿ ಕದಂಬ ರಾಜ್ಯ ತಲೆಯೆತ್ತಿದ್ದು ಹೋರಾಟದಿಂದ ಹೌದು, ಒಪ್ಪಂದದಿಂದಲೂ ಹೌದು.

ಇಂಥದೇ ವ್ಯತ್ಯಾಸ ದೂರದ ರಷ್ಯಾದಲ್ಲೂ ಕಾಣುತ್ತದೆ. 1237ರಿಂದ 1240ರವರೆಗೆ ಬಾತು ಖಾನನ ಮಂಗೋಲ್ ಸೇನೆ ರಷ್ಯಾದ ನಗರಗಳನ್ನು ಒಂದೊಂದಾಗಿ ನೆಲಸಮ ಮಾಡಿತು. 1240ರಲ್ಲಿ ಕೀವ್ ಬಿದ್ದಿತು. ಆಮೇಲೆ 1480ರವರೆಗೆ ಅಲ್ಲಿನ ರಾಜರು ವೋಲ್ಗಾ ತೀರದ ಮಂಗೋಲ್ ರಾಜ್ಯಕ್ಕೆ ಬಹುಮಟ್ಟಿಗೆ ಅಧೀನರಾಗಿದ್ದರು. ಪಟ್ಟವೇರಲು ಖಾನನ ಅನುಮತಿಪತ್ರ ಬೇಕಿತ್ತು, ಕಪ್ಪ ಒಪ್ಪಿಸಬೇಕಿತ್ತು.

ಸೆರ್ಗೆಯ್ ಐಸೆನ್‌ಸ್ಟೈನ್ 1938ರಲ್ಲಿ ತೆಗೆದ 'ಅಲೆಕ್ಸಾಂಡರ್ ನೆವ್‌ಸ್ಕಿ' ಚಿತ್ರದ ಆರಂಭದಲ್ಲಿ ಮಂಗೋಲರ ಪ್ರತಿನಿಧಿ ನಾಯಕನನ್ನು ತಮ್ಮ ಸೇವೆಗೆ ಕರೆಯುತ್ತಾನೆ, ನಾಯಕ ಒಪ್ಪುವುದಿಲ್ಲ. ಬಳಿಕ ಚಿತ್ರ ಜರ್ಮನ್ ಯೋಧರ ವಿರುದ್ಧ 1242ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದ ಕಾಳಗದತ್ತ ಸಾಗುತ್ತದೆ. ಆದರೆ ಇತಿಹಾಸದ ಅಲೆಕ್ಸಾಂಡರ್ ಖಾನನ ಬಳಿಗೆ ಹೋಗಿ ತಲೆಬಾಗಿದ. 1252ರಲ್ಲಿ ಮಂಗೋಲರ ಒಪ್ಪಿಗೆಯಿಂದಲೇ ವ್ಲಾದಿಮಿರ್‌ನ ಮಹಾರಾಜನಾದ. ತೆರಿಗೆಗಾಗಿ ಮಂಗೋಲರು ನಡೆಸಿದ ಜನಗಣತಿಯನ್ನು ನವ್‌ಗೊರೊಡ್ ಜನ ವಿರೋಧಿಸಿದಾಗ, ಅದನ್ನು ಬಲವಂತದಿಂದ ಒಪ್ಪಿಸಿದವನೂ ಅವನೇ. ಇನ್ನೊಂದು ಧಾಳಿಯಿಂದ ನಾಡನ್ನು ಉಳಿಸಲು ಅವನು ಹೀಗೆ ಮಾಡಿದನೆಂಬುದು ಹಲವು ಇತಿಹಾಸಕಾರರ ವಾದ.

ಹಾಗಾದರೆ ಈ ಚಿತ್ರಗಳು ಸುಳ್ಳೇ? ಹಾಗೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಇತಿಹಾಸದ ವಿಧಾನವಲ್ಲ. ಐತಿಹಾಸಿಕ ಚಿತ್ರವೊಂದರಲ್ಲಿ ಎರಡು ಕಾಲಗಳಿರುತ್ತವೆ: ಕಥೆಯ ಕಾಲ ಒಂದು, ಚಿತ್ರ ತಯಾರಾದ ಕಾಲ ಇನ್ನೊಂದು. 1938ರಲ್ಲಿ ಸೋವಿಯತ್ ದೇಶಕ್ಕೆ ಹಿಟ್ಲರನ ಜರ್ಮನಿಯ ಭಯವಿತ್ತು. 1939ರಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡಾಗ ಚಿತ್ರದ ಪ್ರದರ್ಶನ ನಿಂತಿತು. 1941ರಲ್ಲಿ ಜರ್ಮನಿ ಧಾಳಿಯಿಟ್ಟಾಗ ಅದೇ ಚಿತ್ರ ಮತ್ತೆ ತೆರೆಗೆ ಬಂದಿತು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. 'ಮಯೂರ' ಬಂದದ್ದು ಅದಾದ ಎರಡೇ ವರ್ಷಕ್ಕೆ. ನಾಡಿನ ಹೆಸರು ಹೊಸದಾಗಿ ಮೊಳಗುತ್ತಿದ್ದ ದಿನಗಳಲ್ಲಿ ಕನ್ನಡ ನೆಲದ ಮೊದಲ ರಾಜವಂಶದ ಕಥೆಯನ್ನು ಪ್ರೇಕ್ಷಕರು ಹೇಗೆ ಸ್ವೀಕರಿಸಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಶಾಸನವನ್ನಾದರೂ ಕಣ್ಣುಮುಚ್ಚಿ ನಂಬಬಹುದೇ? ಕುಬ್ಜ ಕವಿ ಬರೆದದ್ದು ಮಯೂರಶರ್ಮನಿಂದ ಸುಮಾರು ನೂರು ವರ್ಷಗಳ ನಂತರ, ಅದೂ ಅವನ ವಂಶದ ಅರಸನ ಆಶ್ರಯದಲ್ಲಿ. ಹೊಗಳಿಕೆ ಅಲ್ಲಿಯೂ ಇದೆ. ಆದರೂ ಮೂಲಪುರುಷ ಪಲ್ಲವರ ಸೇವೆ ಮಾಡಿದನೆಂಬುದನ್ನು ಕವಿ ಮುಚ್ಚಿಡಲಿಲ್ಲ. ತನ್ನ ಒಡೆಯನ ಹಿರಿಮೆಗೆ ಅಷ್ಟೇನೂ ಒದಗದ ಸಂಗತಿಯನ್ನು ಆಸ್ಥಾನಕವಿಯೇ ಹೇಳಿದಾಗ ಆ ಮಾತಿಗೆ ಬೆಲೆ ಹೆಚ್ಚು.

ಪರರ ಆಳ್ವಿಕೆಯಲ್ಲಿ ಬದುಕಿದವರು ಕೆಲವೊಮ್ಮೆ ಕಾದಾಡಿದರು, ಕೆಲವೊಮ್ಮೆ ಕಪ್ಪ ಕೊಟ್ಟರು, ಕೆಲವೊಮ್ಮೆ ಸೇವೆಗೆ ಸೇರಿ ಬಲ ಕೂಡಿಸಿಕೊಂಡರು. ಕಾದಾಟವನ್ನು ಮಾತ್ರ ನೆನಪಿಟ್ಟುಕೊಂಡರೆ ಉಳಿದ ದಾರಿ ಹಿಡಿದವರೆಲ್ಲ ನಮಗೆ ಹೇಡಿಗಳಾಗಿ ಕಾಣುತ್ತಾರೆ. ಶಾಸನದ ಮಯೂರಶರ್ಮನನ್ನು ಹೇಡಿಯೆನ್ನಲು ಯಾರಿಗೂ ಬಾಯಿ ಬಾರದು. ಚಿತ್ರವನ್ನು ಮನಸಾರೆ ನೋಡಿ ಆನಂದಿಸಿ. ಮರುದಿನ ಗ್ರಂಥಾಲಯದಲ್ಲಿ ತಾಳಗುಂದ ಶಾಸನದ ಅನುವಾದವನ್ನೂ ಓದಿ.

ಚರ್ಚೆಗೆ:

1. ಮಯೂರನನ್ನು ರಾಜಕುಮಾರನನ್ನಾಗಿ ತೋರಿಸುವುದರಿಂದ ಕಥೆಗೆ ಆಗುವ ಲಾಭವೇನು, ನಷ್ಟವೇನು?

2. ನೀವು ನೋಡಿದ ಯಾವುದಾದರೊಂದು ಐತಿಹಾಸಿಕ ಚಿತ್ರದಲ್ಲಿ, ಅದು ತಯಾರಾದ ಕಾಲದ ಛಾಯೆ ಎಲ್ಲಿ ಕಾಣುತ್ತದೆ?